ಚೇಳೂರಿನ ಮಣ್ಣುಮನೆ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಇದನ್ನು ಮಾಡಿದ ಹಿರಿಯರು ಮೂರನೆಯದೊಂದು ಮಾತನ್ನೂ ಸೇರಿಸಬಹುದಾಗಿತ್ತೆಂದು ನಮಗೆ ಈಚೆಗೆ ತೋರುತ್ತಿದೆ: ಕಟ್ಟಿದ ಮನೆಯನ್ನು ಉಳಿಸಿಕೊಂಡು ನೋಡು. ಮದುವೆ ನಾಲ್ಕು ದಿನದ ಕಷ್ಟ. ಕಟ್ಟುವುದು ಒಂದೆರಡು ವರ್ಷದ ಕಷ್ಟ. ಉಳಿಸಿಕೊಳ್ಳುವುದಾದರೋ ಪ್ರತಿ ಮಳೆಗಾಲದ, ನಿಜವಾಗಿ ಹೇಳುವುದಾದರೆ ಪ್ರತಿ ಬೆಳಗಿನ ಕೆಲಸ. ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ನಮ್ಮ ಮುತ್ತಜ್ಜನವರು ಕಟ್ಟಿಸಿದ ಮಣ್ಣಿನ ಮನೆಯೊಂದುಂಟು. ಅದನ್ನು ಕೆಡಹುವುದೋ ಉಳಿಸುವುದೋ ಎಂಬ ಪ್ರಶ್ನೆ ಈಚಿನ ವರ್ಷಗಳಲ್ಲಿ ನಮ್ಮ ಕುಟುಂಬದ ಮುಂದೆ ಬಂದು ನಿಂತಿತು. ವಾಚಕರಲ್ಲಿ ಅನೇಕರ ಮನೆಗಳಲ್ಲಿಯೂ ಇದೇ ಪ್ರಶ್ನೆ ಎದ್ದಿರಬಹುದಾದುದರಿಂದ, ಆ ಮನೆಯ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿಯೇ ನಿವೇದಿಸುತ್ತೇವೆ.

ಚೇಳೂರು ಗುಬ್ಬಿಯ ಉತ್ತರಕ್ಕಿರುವ ಹೋಬಳಿಯ ಊರು. ರಾಗಿ, ತೆಂಗು, ಅಡಕೆ, ಹಲಸು ಇವು ಈ ಸೀಮೆಯ ಸಂಪತ್ತು. ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಗುರುತಿಸಿ ಪ್ರಸಿದ್ಧಿಗೆ ತಂದ 'ಸಿದ್ದು' ಹಲಸು ಈ ಹೋಬಳಿಯ ನೆಲದ್ದೇ. ಮಳೆ ಮಾತ್ರ ಅಷ್ಟಕ್ಕಷ್ಟೆ: ವರ್ಷಕ್ಕೆ ಸುಮಾರು ೬೦೦ರಿಂದ ೭೦೦ ಮಿಲ್ಲಿಮೀಟರು. ಆಗುಂಬೆಯಲ್ಲಿ ೭೦೦೦ ಮಿಲ್ಲಿಮೀಟರಿಗೂ ಮೇಲೆ ಬೀಳುತ್ತದೆ. ಮಲೆನಾಡಿನ ಮನೆಗೆ ಕಡಿದಾದ ಇಳಿಜಾರಿನ ಮಾಡು ಏಕೆ, ನಮ್ಮ ಸೀಮೆಯ ಮನೆಗೆ ಮಟ್ಟಸವಾದ ಮಾಳಿಗೆ ಏಕೆ ಎಂಬುದಕ್ಕೆ ಇಷ್ಟೇ ಉತ್ತರ ಸಾಕು.

ಮೊದಲು ಗೋಡೆಯ ವಿಷಯ. ಅಸ್ತಿಭಾರವನ್ನು ಕಾಡುಗಲ್ಲಿನಿಂದ ತುಂಬಿ, ನೆಲದ ಮೇಲೆ ಮೊಳದೆತ್ತರಕ್ಕೆ ಕಲ್ಲಿನ ಕಟ್ಟಡವನ್ನೇ ಎಬ್ಬಿಸಿದ್ದಾರೆ. ಅಲ್ಲಿಂದ ಮೇಲೆ ಬರಿಯ ಮಣ್ಣು. ಕೆಮ್ಮಣ್ಣು, ಕೆರೆಯ ಗೋಡು, ದೊರೆತರೆ ಹುತ್ತದ ಮಣ್ಣು, ಇವನ್ನು ಗುಂಡಿಗೆ ಹಾಕಿ ನೀರು ಹೊಯ್ದು, ಕತ್ತರಿಸಿದ ಹುಲ್ಲನ್ನು ಬೆರಸಿ, ಎತ್ತುಗಳಿಂದಲೂ ಆಳುಗಳಿಂದಲೂ ತುಳಿಸಿ, ಕೆಲವು ದಿನ ಕೊಳೆಯಲು ಬಿಡುತ್ತಿದ್ದರಂತೆ. ಹದಗೊಂಡ ಮಣ್ಣನ್ನು ಮುದ್ದೆಮುದ್ದೆಯಾಗಿ ಎತ್ತಿಟ್ಟು ಮೊಳದೆತ್ತರದ ಒಂದು ವರಸೆಯನ್ನು ಮುಗಿಸಿದರೆ, ಅದು ಒಣಗಿ ಗಟ್ಟಿಯಾಗುವ ತನಕ ಮುಂದಿನ ವರಸೆಗೆ ಕೈ ಹಾಕುವಂತಿಲ್ಲ. ಅವಸರಪಟ್ಟರೆ ಕೆಳಗಿನ ವರಸೆ ಉಬ್ಬಿ ಬಿರಿಯುತ್ತದೆ. ಹೀಗೆ ಎರಡಡಿ ದಪ್ಪದ ಗೋಡೆ ಆಳೆತ್ತರವನ್ನು ಮೀರುವಷ್ಟರಲ್ಲಿ ಒಂದು ಬೇಸಗೆ ಕಳೆಯುತ್ತಿತ್ತು. ಅದರ ಫಲವನ್ನು ನಾವು ಈಗಲೂ ಅನುಭವಿಸುತ್ತೇವೆ: ಚೈತ್ರ ವೈಶಾಖಗಳ ಬಿಸಿಲು ಗೋಡೆಯನ್ನು ದಾಟಿ ಒಳಗೆ ಬರುವುದರೊಳಗಾಗಿ ಸಂಜೆಯಾಗಿ ಗಾಳಿ ತಣ್ಣಗಾಗಿರುತ್ತದೆ, ಮಾಗಿಯ ಚಳಿಯಲ್ಲಿ ಹಗಲು ಕುಡಿದ ಬಿಸಿಯನ್ನೇ ಗೋಡೆ ರಾತ್ರಿ ಹಿಂದಕ್ಕೆ ಕೊಡುತ್ತದೆ.

ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತೆ, ಅದರ ಮೇಲೆ ಸಣ್ಣ ಗಳು ಮತ್ತು ಅಡಕೆಯ ದಬ್ಬೆ, ಅದರ ಮೇಲೆ ಬಂದರೆ ಹೊಂಗೆಗಳ ಸೊಪ್ಪು, ಆಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಕರಲು ಮಣ್ಣು. ಈ ಕರಲು ಒಂದು ವಿಚಿತ್ರ ಪದಾರ್ಥ. ಹೊಲದಲ್ಲಿದ್ದರೆ ರೈತನಿಗೆ ಶತ್ರು. ಉಪ್ಪಿನ ಅಂಶ ಹೆಚ್ಚಾಗಿ ಅಲ್ಲಿ ಪೈರು ಏಳದು. ಅದನ್ನೇ ತಂದು ಮಾಳಿಗೆಗೆ ಹರಡಿದರೆ ಪರಮಮಿತ್ರ. ಮಳೆ ಬಿದ್ದೊಡನೆ ಅದರ ಕಣಗಳು ಉಬ್ಬಿ ಬಿಡಿಯಾಗಿ ಸಂದುಗಳನ್ನೆಲ್ಲ ಮುಚ್ಚಿಬಿಡುವುದರಿಂದ ನೀರು ಕೆಳಕ್ಕಿಳಿಯದೆ ಮರದ ದೋಣಿಯ ಕಡೆಗೆ ಹರಿದುಹೋಗುತ್ತದೆ. ಹೊಲದಲ್ಲಿ ಯಾವ ಗುಣದಿಂದ ಕೆಟ್ಟದೆನಿಸಿಕೊಂಡಿತೋ ಅದೇ ಗುಣದಿಂದ ಮಾಳಿಗೆಯ ಮೇಲೆ ಒಳ್ಳೆಯದೆನಿಸಿಕೊಂಡಿತು. ಇದನ್ನು ಮೊದಲು ಕಂಡುಕೊಂಡ ಪುಣ್ಯಾತ್ಮನು ಯಾವ ಶಾಸ್ತ್ರವನ್ನೂ ಓದಿರಲಾರನು; ಮಳೆ ಬಂದಾಗ ಕರಲು ನೆಲದಲ್ಲಿ ನೀರು ನಿಲ್ಲುವುದನ್ನು ಕಣ್ಣಾರೆ ನೋಡಿರಬೇಕು, ಅಷ್ಟೆ.

ಮಾಳಿಗೆಯ ನಡುವೆ ಅಲ್ಲಲ್ಲಿ ಗವಾಕ್ಷಿಗಳು. 'ಗೋ' 'ಅಕ್ಷ' ಎಂಬೆರಡು ಪದಗಳು ಸೇರಿ 'ಗವಾಕ್ಷ' ಹೇಗಾಯಿತೆಂಬುದನ್ನು ಹೇಳುವಾಗ ಪಾಣಿನಿಯು ಸ್ಫೋಟಾಯನನೆಂಬ ಪೂರ್ವಾಚಾರ್ಯನ ಹೆಸರನ್ನು ಸ್ಮರಿಸುತ್ತಾನೆ. ಸಂಸ್ಕೃತ ವಿದ್ಯಾರ್ಥಿಗಳಾಗಿದ್ದಾಗ ನಾವು ಆ ಸೂತ್ರವನ್ನು ಉರುಹೊಡೆದದ್ದು ಗವಾಕ್ಷಿಯಿಂದ ಬಿದ್ದ ಬೆಳಕಿನಲ್ಲಿಯೇ. ನಮ್ಮ ಕಡೆಯ ಹೆಂಗಸರು ಅದನ್ನು 'ಬೆಳಕಿಂಡಿ' ಎಂದು ಕರೆಯುತ್ತಾರೆ. ಅದಕ್ಕೆ ವ್ಯಾಕರಣದ ಕಷ್ಟ ಯಾವುದೂ ಇಲ್ಲ.

ಇನ್ನು ಮನೆಯ ವಿನ್ಯಾಸ. ಬೀದಿಯ ಕಡೆಗೆ ಎತ್ತರವಾದ ಜಗಲಿ. ದಾರಿಹೋಕನು ಯಾರನ್ನೂ ಕೇಳದೆ ಅಲ್ಲಿ ಕುಳಿತು ಸುಧಾರಿಸಿಕೊಳ್ಳಬಹುದು. ತಲೆಬಾಗಿಲು ಹಲಸಿನ ಮರದ್ದು. ಎತ್ತರ ಕಡಮೆಯಾದುದರಿಂದ ಎಷ್ಟು ದೊಡ್ಡ ಮನುಷ್ಯನಾದರೂ ತಲೆಬಾಗಿಸಿಯೇ ಒಳಕ್ಕೆ ಬರಬೇಕು. ಒಳಗೆ ನಡುವೆ ತೊಟ್ಟಿ, ಅದರ ಸುತ್ತ ನಾಲ್ಕು ಕಡೆಯೂ ಕಂಬಗಳ ಸಾಲಿನ ಪಡಸಾಲೆ. ಸಂಸ್ಕೃತದ ವಾಸ್ತುಗ್ರಂಥಗಳಲ್ಲಿ ಇದಕ್ಕೆ 'ಚತುಃಶಾಲ'ವೆಂದು ಹೆಸರು. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಸರ್ವತೋಭದ್ರ, ನಂದ್ಯಾವರ್ತ, ವರ್ಧಮಾನ, ಸ್ವಸ್ತಿಕ, ರುಚಕವೆಂದು ಇದರ ಭೇದಗಳನ್ನು ಎಣಿಸಿದ್ದಾನೆ. ನಮ್ಮ ಮನೆಯನ್ನು ಕಟ್ಟಿದ ಒಡ್ಡರಿಗೂ ಬಡಗಿಗಳಿಗೂ ಈ ಹೆಸರುಗಳು ತಿಳಿದಿರಲಿಲ್ಲ. ಬೆಳಕು, ಗಾಳಿ, ಮಳೆಯ ನೀರು, ಮಕ್ಕಳ ಆಟ, ಸಂಡಿಗೆ ಒಣಹಾಕುವುದು ಇಷ್ಟಕ್ಕೂ ಒಂದೇ ಉಪಾಯವೆಂದು ಮಾತ್ರ ತಿಳಿದಿತ್ತು.

ತೊಟ್ಟಿಯ ಹಿಂದೆ ನಡುಮನೆ, ದೇವರ ಕೋಣೆ, ಅಡುಗೆಮನೆ, ಬಚ್ಚಲುಮನೆ, ಕೊಟ್ಟಿಗೆ. ಅಂಗಳದ ಒಂದು ಮೂಲೆಯಲ್ಲಿ ಹಗೇವು. ರಾಗಿಯನ್ನು ಅದರಲ್ಲಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆಯುವಾಗ ಮೊದಲು ದೀಪವನ್ನಿಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯನು ಇಳಿಯುತ್ತಿದ್ದನು. ಅಡುಗೆಮನೆಯ ಪಕ್ಕದಲ್ಲಿ ತೆಂಗಿನಕಾಯಿಯ ಅಟ್ಟ. ಸಿಪ್ಪೆಸಹಿತ ಕಾಯನ್ನು ಅಲ್ಲಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ, ಒಳಗಿನ ನೀರು ತಾನಾಗಿ ಇಂಗಿ, ಅಲ್ಲಾಡಿಸಿದರೆ ಗಡಗಡ ಸದ್ದಾಗುವ ಉಂಡೆಕೊಬ್ಬರಿಯಾಗುತ್ತದೆ. ಕೆಳಗಿನ ಒಲೆಯ ಹೊಗೆ ಮರಕ್ಕೂ ಕಾಯಿಗೂ ಹುಳು ಹಿಡಿಯದಂತೆ ಕಾಯುತ್ತಿತ್ತು. ತಿಪಟೂರಿನ ಮಾರುಕಟ್ಟೆಗೆ ಹೋಗುವ ಕೊಬ್ಬರಿಯ ಹಿಂದೆ ಇಂಥ ಸಾವಿರಾರು ಅಟ್ಟಗಳಿವೆ. ಹೀಗೆ ನಮ್ಮ ಮನೆ ವಾಸಕ್ಕೆ ಮಾತ್ರವಲ್ಲದೆ ಕಣಜಕ್ಕೂ ಕೈಗಾರಿಕೆಗೂ ಕಟ್ಟಿದ್ದಾಗಿತ್ತು.

ನಾವು ಶಾಲೆಯಲ್ಲಿ ಸಂಸ್ಕೃತ ಕನ್ನಡಗಳನ್ನು ಬೋಧಿಸುತ್ತಿದ್ದವರಾದರೂ, ಇಂಗ್ಲಿಷಿನ ಉಪಾಧ್ಯಾಯರು ರಜೆಯ ಮೇಲಿದ್ದಾಗ ಅವರ ತರಗತಿಯನ್ನೂ ನೋಡಿಕೊಳ್ಳಬೇಕಾಗುತ್ತಿತ್ತು. ಆ ಪಠ್ಯಪುಸ್ತಕಗಳಲ್ಲಿ ಹುಲ್ಲು ಹೊದಿಸಿದ ಇಂಗ್ಲೆಂಡಿನ ಹಳ್ಳಿಮನೆಯ ಚಿತ್ರವೊಂದು ಇದ್ದೇ ಇರುತ್ತಿತ್ತು. "ಎಷ್ಟು ಚೆನ್ನಾಗಿದೆ ಸಾರ್ ಮನೆ!" ಎಂದು ಹುಡುಗರು ಬೆರಗಾಗುತ್ತಿದ್ದರು. ಹೀಗೆ ಬೆರಗಾದವರಲ್ಲಿ ಅರ್ಧ ಮಂದಿ ಮಣ್ಣುಮನೆಯಿಂದಲೇ ಎದ್ದು ಬಂದವರು. ಅದನ್ನು ಹೇಳಿಕೊಳ್ಳಲು ನಾಚುತ್ತಿದ್ದವರು. ಆ ಚಿತ್ರದ ಮನೆಯೂ ಮಣ್ಣಿನದಾಗಿರಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಇಂಗ್ಲೆಂಡಿನ ನೈಋತ್ಯಕ್ಕಿರುವ ಡೆವನ್ ಸೀಮೆಯಲ್ಲಿ ಮಣ್ಣಿಗೆ ಹುಲ್ಲು ಬೆರಸಿ, ತುಳಿದು, ವರಸೆವರಸೆಯಾಗಿ ಇಟ್ಟ ಗೋಡೆಗಳಿಗೆ 'ಕಾಬ್' ಎಂದು ಹೆಸರು. ನಾಲ್ಕೈದು ನೂರು ವರ್ಷಗಳಷ್ಟು ಹಳೆಯ ಕಾಬ್ ಮನೆಗಳಲ್ಲಿ ಜನ ಈಗಲೂ ಸಂಸಾರ ಮಾಡುತ್ತಿದ್ದಾರೆ. ಅಂಥ ಗೋಡೆಗೆ ಒಳ್ಳೆಯ ಟೋಪಿ, ಒಳ್ಳೆಯ ಬೂಟು ಇವೆರಡಿದ್ದರೆ ಸಾಕೆಂದು ಆ ಸೀಮೆಯವರು ಹೇಳುವುದುಂಟು. ಟೋಪಿಯೆಂದರೆ ಮುಂದಕ್ಕೆ ಚಾಚಿದ ಹುಲ್ಲಿನ ಸೂರು. ಬೂಟೆಂದರೆ ಕೆಳಗಿನ ಕಲ್ಲುಕಟ್ಟಡ. ಚೇಳೂರಿನ ಒಡ್ಡರೂ ಡೆವನ್ನಿನ ಒಕ್ಕಲಿಗರೂ ಒಬ್ಬರ ಮುಖವನ್ನೊಬ್ಬರು ನೋಡದೆ ಒಂದೇ ತೀರ್ಮಾನಕ್ಕೆ ಬಂದುದನ್ನು ತಿಳಿದಾಗ ನಮಗೆ ಬಹಳ ಸಂತೋಷವಾಯಿತು.

ಆದರೆ ಮುಂದಿನ ಕಥೆಯಲ್ಲಿ ಎರಡು ದೇಶಗಳೂ ಬೇರೆಯಾದುವು. ವಿಲಿಯಂ ಮಾರಿಸ್ ಎಂಬ ಕವಿ ೧೮೭೭ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆಂದೇ ಲಂಡನ್ನಿನಲ್ಲಿ ಸಂಘವೊಂದನ್ನು ಕಟ್ಟಿದನು. ಹಳೆಯದನ್ನು ಹೊಸದರಂತೆ ಮಾಡಹೊರಡುವುದಕ್ಕಿಂತ ದಿನದಿನದ ಆರೈಕೆ ಮೇಲೆಂಬುದು ಅವನ ಪಕ್ಷ. ವರ್ಡ್ಸ್‌ವರ್ತ್ ಕವಿ ೧೭೯೯ರಿಂದ ೧೮೦೮ರವರೆಗೆ ವಾಸವಾಗಿದ್ದ ಗ್ರಾಸ್ಮಿಯರಿನ ಪುಟ್ಟ ಮನೆಯನ್ನು ೧೮೯೧ರಲ್ಲಿ ಸಾರ್ವಜನಿಕರ ದರ್ಶನಕ್ಕೆ ತೆರೆದರು. ಷೇಕ್ಸ್‌ಪಿಯರನ ಹೆಂಡತಿಯ ತೌರುಮನೆಯನ್ನು ೧೮೯೨ರಲ್ಲಿ ಧರ್ಮದತ್ತಿಯೊಂದು ಕೊಂಡು ಕಾಪಾಡಿತು. ನಮ್ಮ ಸೀಮೆಯ ಮನೆಗಳಿಗೆ ಅಂಥ ಅದೃಷ್ಟ ಬರಲಿಲ್ಲ. ಅಲ್ಲಿ ಕವಿ ವಾಸಮಾಡಿರಲಿಲ್ಲ. ರಾಗಿ ಬೀಸುವವರು, ಕೊಬ್ಬರಿ ಒಡೆಯುವವರು ವಾಸಮಾಡಿದ್ದರು.

ಹೊಸ ಸಾಮಗ್ರಿಗಳು ಒಂದೊಂದಾಗಿ ಬಂದುವು. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಪ್ರಾರಂಭಿಸಿದ ಹೆಂಚಿನ ಕೈಗಾರಿಕೆಯ ಮಾಲು ನಿಧಾನವಾಗಿ ಬಯಲುಸೀಮೆಗೂ ಹತ್ತಿತು. ನಮ್ಮ ತಂದೆಯವರ ಕಾಲದಲ್ಲಿ ಬೀದಿಕಡೆಯ ಪಡಸಾಲೆಗೆ ಆ ಹೆಂಚು ಹೊದಿಸಿದರು. ನಮ್ಮ ಜಿಲ್ಲೆಯ ಅಮ್ಮಸಂದ್ರದಲ್ಲಿಯೇ ಸಿಮೆಂಟಿನ ಕಾರ್ಖಾನೆ ಬಂದಿತು. ಅದನ್ನು ನಡೆಸುತ್ತಿದ್ದ ಮೈಸೂರು ಸಿಮೆಂಟ್ಸ್ ಕಂಪನಿ ಸ್ಥಾಪಿತವಾದದ್ದು ೧೯೫೮ರಲ್ಲಿ. ಮಣ್ಣುಮನೆಯೆಂದರೆ ಬಡತನ, ಸಿಮೆಂಟಿನ ತಾರಸಿಯೆಂದರೆ ಮರ್ಯಾದೆ ಎಂಬ ಭಾವನೆ ಬೆಳೆಯಿತು. ನಾವು ಉದ್ಯೋಗದ ನಿಮಿತ್ತ ಪರಸ್ಥಳದಲ್ಲಿದ್ದಾಗ ಗುತ್ತಿಗೆದಾರನೊಬ್ಬನು ನಮ್ಮ ತಮ್ಮನಿಗೆ ಧೈರ್ಯಹೇಳಿ, ಬೀದಿಯ ಗೋಡೆಗೆ ಸಿಮೆಂಟಿನ ಗಾರೆ ಮೆತ್ತಿ, ಇನ್ನು ಐವತ್ತು ವರ್ಷ ಚಿಂತೆಯಿಲ್ಲವೆಂದು ಹಣ ಎಣಿಸಿಕೊಂಡು ಹೋದನು. ಮಣ್ಣಿನ ಗೋಡೆ ನೆಲದಿಂದಲೂ ಗಾಳಿಯಿಂದಲೂ ತೇವವನ್ನೆಳೆದುಕೊಂಡು ಮತ್ತೆ ಹೊರಕ್ಕೆ ಬಿಡುತ್ತಿರುತ್ತದೆ. ಮೇಲೆ ಸುಣ್ಣವಿದ್ದರೆ ಈ ಉಸಿರಾಟಕ್ಕೆ ಅಡ್ಡಿಯಿಲ್ಲ. ಸಿಮೆಂಟು ಮೂಗನ್ನು ಮುಚ್ಚಿದಂತೆ ಮಾಡುತ್ತದೆ. ತೇವ ಒಳಗೇ ನಿಂತು ಬುಡದ ಮಣ್ಣು ಮೆತ್ತಗಾಗುತ್ತದೆ, ಹೊರಗಿನವರಿಗೆ ನುಣುಪಾದ ಗೋಡೆ ಮಾತ್ರ ಕಾಣುತ್ತದೆ. ಡೆವನ್ನಿನ ಎಷ್ಟೋ ಮನೆಗಳು ಕಳೆದ ಶತಮಾನದಲ್ಲಿ ಇದೇ ಕಾರಣದಿಂದ ಹಾಳಾದುವೆಂದು ಅಲ್ಲಿಯ ತಜ್ಞರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಮೂರು ನಾಲ್ಕು ವರ್ಷಗಳಲ್ಲಿ ಗಾರೆ ಹಪ್ಪಳದಂತೆ ಎದ್ದಿತು. ೨೦೨೨ರಲ್ಲಿ ಜಿಲ್ಲೆಗೆಲ್ಲ ವಿಪರೀತ ಮಳೆಯಾದಾಗ ಬೀದಿಯ ಗೋಡೆ ಬುಡದಲ್ಲಿ ಬಿರುಕುಬಿಟ್ಟಿತು. ಹಿಂದೆ, ಮಾಳಿಗೆ ಸೋರಿ ನೆನೆದಿದ್ದ ಕೊಟ್ಟಿಗೆಯ ಗೋಡೆ ರಾತ್ರಿ ಕುಸಿದುಬಿದ್ದಿತು. ದೈವಕೃಪೆಯಿಂದ ಹಸುಗಳನ್ನು ಅಂದು ಮುಂದಿನ ಅಂಗಳದಲ್ಲಿ ಕಟ್ಟಿದ್ದರು.

ಮನೆಯವರೆಲ್ಲ ತೊಟ್ಟಿಯ ಸುತ್ತ ಕುಳಿತು ಆಲೋಚಿಸಬೇಕಾಯಿತು. ಕೆಡಹಿ ತಾರಸಿಯ ಮನೆ ಕಟ್ಟಬೇಕೆಂದು ತಮ್ಮನ ಅಭಿಪ್ರಾಯ, ಉಳಿಸಬೇಕೆಂದು ನಮ್ಮದು. ನಾವು ಮೇಲೆ ಬರೆದ ಗುಣಗಳನ್ನೆಲ್ಲ ವಿವರಿಸಿದೆವು. ಅವನು ತಾಳ್ಮೆಯಿಂದ ಕೇಳಿ, "ಅಣ್ಣ, ನೀವು ಹೇಳೋದೆಲ್ಲ ಸರಿ. ಆದರೆ ನಿಮಗಿದು ರಜಕ್ಕೆ ಬಂದು ನೋಡಿಕೊಂಡು ಹೋಗೋ ಮನೆ. ನಮಗೆ ಮಳೇಲಿ ಮಲಗೋ ಮನೆ" ಎಂದನು. ಇದಕ್ಕೆ ಥಟ್ಟನೆ ಹೇಳಬಲ್ಲ ಉತ್ತರ ಯಾವ ಶಾಸ್ತ್ರದಲ್ಲಿಯೂ ಇಲ್ಲ.

ಎಂಬತ್ತು ದಾಟಿದ ನಮ್ಮ ತಾಯಿಯವರು ಅಷ್ಟು ಹೊತ್ತೂ ಕಂಬಕ್ಕೊರಗಿ ಕುಳಿತು ಕೇಳುತ್ತಿದ್ದರು. ಅವರು ನಮ್ಮ ಪಕ್ಷವನ್ನೇ ವಹಿಸುವರೆಂದು ಎಲ್ಲರೂ ಎಣಿಸಿದ್ದರು. "ಮನೆ ಚೆನ್ನಾಗಿದೆ ಅಂತ ಗಂಡಸರು ಹೇಳ್ತೀರಿ. ಅರುವತ್ತು ವರ್ಷ ಈ ನೆಲ ಸಾರಿಸಿದೋಳು ನಾನು. ಆ ಅಡುಗೆಮನೇಲಿ ಹೊಗೆ ಕುಡಿದೋಳು ನಾನು. ಹಬ್ಬ ಬಂತು ಅಂದರೆ ಗೋಡೆಗೆ ಸುಣ್ಣ, ಮಳೆಗಾಲ ಬಂತು ಅಂದರೆ ಸೋರೋ ಕಡೆಗೆಲ್ಲ ಪಾತ್ರೆ. ಉಳಿಸೋದಾದರೆ ಉಳಿಸಿಕೊಳ್ಳಿ. ಆದರೆ ಈ ಕೆಲಸ ಇನ್ನು ಮೇಲೆ ಯಾರು ಮಾಡ್ತೀರಿ ಅನ್ನೋದನ್ನ ಮೊದಲು ಹೇಳಿ" ಎಂದರು. ಎದುರಿಗಿದ್ದ ನಮ್ಮ ತಮ್ಮನ ಹೆಂಡತಿ ತಲೆ ಎತ್ತಲಿಲ್ಲ; ಆದರೆ ಆಕೆಯ ಮುಖದಲ್ಲಿ ನಗೆ ಸುಳಿದುದನ್ನು ಎಲ್ಲರೂ ಕಂಡರು.

ಇಡೀ ಪ್ರಶ್ನೆಯ ತಿರುಳು ಈ ಮಾತಿನಲ್ಲಿದೆಯೆಂದು ನಮ್ಮ ಅಭಿಪ್ರಾಯ. ಇಂಥ ಮನೆ ನೂರು ವರ್ಷ ನಿಂತದ್ದು ಮಣ್ಣಿನ ಬಲದಿಂದ ಮಾತ್ರವಲ್ಲ. ಮುಂಗಾರಿಗೆ ಮುಂಚೆ ಗಾಡಿಯಲ್ಲಿ ಕರಲು ತಂದು ಹರಡುವ ಆಳುಗಳಿದ್ದರು. ಬಿರುಕಿಗೆ ಮಣ್ಣು ಮೆತ್ತುವ ಅಜ್ಜಿಯರಿದ್ದರು. ದಿನವೂ ಸಗಣಿ ಬಳಿಯುವ ಸೊಸೆಯರಿದ್ದರು. ಇಪ್ಪತ್ತು ಜನರಿದ್ದ ಮನೆಯಲ್ಲಿ ಈಗ ಐದು ಜನ. ಕರಲು ಹಾಕುವ ಹದ ಬಲ್ಲವರು ಸುತ್ತಿನ ಹಳ್ಳಿಗಳಲ್ಲಿ ಒಬ್ಬಿಬ್ಬರು ಮುದುಕರು ಉಳಿದಿದ್ದಾರೆ. ಕೈಗಳು ಹೋದಮೇಲೆ ಮನೆಯನ್ನು ಹೊಗಳಿ ನಿಲ್ಲಿಸಲಾಗುವುದಿಲ್ಲ.

ಹಾಗಾದರೆ ಕೆಡಹುವುದೇ ಸರಿಯೆ? ಈ ವಿಷಯದಲ್ಲಿ ತಿಳಿದವರು ಮಾಡಿದ ಪ್ರಯತ್ನಗಳನ್ನು ನಾವು ಹುಡುಕಿ ನೋಡಿದೆವು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ೧೯೧೭ರಲ್ಲಿ ಹುಟ್ಟಿ, ಕೇರಳದಲ್ಲಿ ನೆಲಸಿ, ೨೦೦೭ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡ ಲಾರಿ ಬೇಕರರು ನಮ್ಮ ಹಳ್ಳಿಯ ಮನೆಗಳನ್ನೇ ಗುರುವಾಗಿಟ್ಟುಕೊಂಡು ಕಡಮೆ ವೆಚ್ಚದ ಮನೆಗಳನ್ನು ಕಟ್ಟಿದರು. ಐದು ಮೈಲಿಯೊಳಗೆ ದೊರೆಯುವ ಸಾಮಗ್ರಿಗಳಿಂದ ಮನೆ ಕಟ್ಟಬೇಕೆಂಬ ಗಾಂಧೀಜಿಯವರ ಮಾತು ಅವರ ಮನಸ್ಸಿನಲ್ಲಿ ನಿಂತಿತ್ತಂತೆ. ಅಷ್ಟು ದೂರಕ್ಕೇಕೆ? ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೭೪ರಲ್ಲಿ ಪ್ರಾರಂಭವಾದ 'ಅಸ್ತ್ರ' ಕೇಂದ್ರದವರು ನಮ್ಮ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿಯೇ ಪ್ರಯೋಗಗಳನ್ನು ನಡೆಸಿದರು. ಹೊಗೆ ಕಡಮೆಮಾಡುವ 'ಅಸ್ತ್ರ ಒಲೆ' ಅವರದೇ. ಮಣ್ಣಿಗೆ ನೂರಕ್ಕೆ ಐದರಿಂದ ಎಂಟು ಭಾಗ ಮಾತ್ರ ಸಿಮೆಂಟು ಬೆರಸಿ, ಯಂತ್ರದಲ್ಲಿ ಒತ್ತಿ ಗಟ್ಟಿಮಾಡಿದ ಇಟ್ಟಿಗೆಯನ್ನೂ ಅವರು ಬಳಕೆಗೆ ತಂದರು. ಅದನ್ನು ಸುಡಬೇಕಾಗಿಲ್ಲ, ಸೌದೆಯ ಖರ್ಚಿಲ್ಲ.

ಶಾಸ್ತ್ರಜ್ಞರು 'ಸ್ಥೂಣಾನಿಖನನ ನ್ಯಾಯ'ವೆಂದು ಒಂದನ್ನು ಹೇಳುತ್ತಾರೆ. ನೆಟ್ಟ ಕಂಬವನ್ನು ಅಲುಗಿಸಿ ಅಲುಗಿಸಿ ಮತ್ತೆ ಜಡಿದರೆ ಅದು ಹೇಗೆ ಗಟ್ಟಿಯಾಗುತ್ತದೋ ಹಾಗೆ ಆಕ್ಷೇಪಣೆಗಳಿಂದಲೇ ಸಿದ್ಧಾಂತ ದೃಢವಾಗುತ್ತದೆಂದು ಇದರ ತಾತ್ಪರ್ಯ. ತಮ್ಮನೂ ತಾಯಿಯವರೂ ಅಲುಗಿಸಿದ ಮೇಲೆ ನಿಂತ ತೀರ್ಮಾನ ಹೀಗಿದೆ: ಜಗಲಿ, ತೊಟ್ಟಿ, ನಡುಮನೆ, ಅಟ್ಟ ಇವು ಉಳಿಯತಕ್ಕದ್ದು. ಹೊಗೆಯ ಅಡುಗೆಮನೆಯನ್ನೂ ಬಿದ್ದ ಕೊಟ್ಟಿಗೆಯನ್ನೂ ತೆಗೆದು, ಆ ಸ್ಥಳದಲ್ಲಿ ಒತ್ತಿದ ಮಣ್ಣಿಟ್ಟಿಗೆಯಿಂದ ದೊಡ್ಡ ಕಿಟಕಿಯ ಹೊಸ ಅಡುಗೆಮನೆಯನ್ನೂ ಮಲಗುವುದಕ್ಕೆ ಎರಡು ಕೋಣೆಗಳನ್ನೂ ಕಟ್ಟತಕ್ಕದ್ದು. ಅದರ ಎಲ್ಲಿ ಏನಿರಬೇಕೆಂಬುದನ್ನು ಮನೆಯ ಹೆಂಗಸರು ನಿರ್ಣಯಿಸತಕ್ಕದ್ದು. ನೆಲಕ್ಕೆಲ್ಲ ಕಲ್ಲುಚಪ್ಪಡಿ ಹಾಸಿ ಸಾರಿಸುವ ಕಷ್ಟವನ್ನು ತಪ್ಪಿಸತಕ್ಕದ್ದು. ಬೀದಿಯ ಗೋಡೆಯ ಸಿಮೆಂಟನ್ನು ಕಿತ್ತು, ಒಣಗಲು ಬಿಟ್ಟು, ಬುಡವನ್ನು ಮಣ್ಣಿನಿಂದ ಸರಿಪಡಿಸಿ ಸುಣ್ಣ ಹೊಡೆಯತಕ್ಕದ್ದು. ಮಾಳಿಗೆಗೆ ಕರಲು ಹಾಕಿಸುವ ಹೊಣೆ ನಿವೃತ್ತರಾದ ನಮ್ಮದು. ಬೇಸಗೆಯಲ್ಲಿ ಹದಿನೈದು ದಿನ ನಾವು ಊರಿನಲ್ಲಿದ್ದು ಮಾಡಿಸಬೇಕು. ಈ ಕಡೆಯ ಕರಾರನ್ನು ಸೇರಿಸಿದವರು ತಾಯಿಯವರೇ.

ಎರಡು ಬೇಸಗೆ ಹೀಗೆ ನಡೆದಿದೆ. ಮುದುಕನೊಬ್ಬನು ಮೇಲೆ ನಿಂತು ಹದ ಹೇಳಿಕೊಡುತ್ತಾನೆ. ತಮ್ಮನ ಮಗ ಪುಟ್ಟಿಯಲ್ಲಿ ಮಣ್ಣು ಸಾಗಿಸುತ್ತಾನೆ. ನಾವು ಏಣಿಯ ಬುಡವನ್ನು ಹಿಡಿದುಕೊಂಡಿರುತ್ತೇವೆ. ಮೊದಲನೆಯ ವರ್ಷ ಒಂದು ಕಡೆ ಸೋರಿತು. ಕಳೆದ ವರ್ಷ ಸೋರಲಿಲ್ಲ.

ಹಳೆಯ ಮನೆಯುಳ್ಳ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತಿಸಬೇಡಿ, ಸುಣ್ಣವೇ ಲೇಸು. ಬುಡದಲ್ಲಿ ನೀರು ನಿಲ್ಲಗೊಡಬೇಡಿ. ಮಳೆಗಾಲಕ್ಕೆ ಮುಂಚೆ ಒಮ್ಮೆ ಮಾಳಿಗೆ ಹತ್ತಿ ನೋಡಿ. ಕೆಡಹಲೇಬೇಕಾಗಿ ಬಂದರೆ ಹಲಸಿನ ಬಾಗಿಲು, ತೊಲೆ, ಕಂಬಗಳನ್ನು ಸೌದೆಯ ಬೆಲೆಗೆ ಮಾರಿಬಿಡದೆ ಹೊಸ ಮನೆಯಲ್ಲಿ ಸೇರಿಸಿಕೊಳ್ಳಿ. ಹೊಸ ಮನೆಗೂ ಒಂದು ಜಗಲಿ, ಒಂದು ಬೆಳಕಿಂಡಿ ಇರಲಿ. ಎಲ್ಲಕ್ಕಿಂತ ಮೊದಲು, ಉಳಿಸುವುದೆಂದು ನಿಶ್ಚಯಿಸುವ ದಿನ ಮನೆಯ ಹೆಂಗಸರನ್ನು ಕೂರಿಸಿಕೊಂಡು ಕೇಳಿ. ಯಾರ ಪಾಲಿಗೆ ಯಾವ ಕೆಲಸವೆಂಬುದನ್ನು ಅಂದೇ ಬರೆದಿಟ್ಟುಕೊಂಡರೆ ಇನ್ನೂ ಉತ್ತಮ.